ಕಮಾಂಡ್‌ಲೈನ್ ಡೆವಲಪರ್ ಟೂಲ್‌ಗಳ ಸೆಟಪ್: ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಸಮಗ್ರ ಮಾರ್ಗದರ್ಶಿ

ಹೊಸ ಡೆಸ್ಕ್‌ಟಾಪ್‌ನಲ್ಲಿ ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡುವುದು ದೊಡ್ಡ ಕೆಲಸವಲ್ಲ, ನಾಲ್ಕಾರು ಕಮಾಂಡ್‌ಗಳಲ್ಲಿ ಮುಗಿಯುತ್ತದೆ. ತೊಂದರೆ ಶುರುವಾಗುವುದು ಕೆಲವು ತಿಂಗಳು ಕಳೆದ ಮೇಲೆ. ಪೈಥಾನ್ ಮೂರು ಕಡೆ ಇರುತ್ತದೆ, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಟೂಲ್) ಎರಡು ಕಡೆ. ಟೈಪ್ ಮಾಡಿದಾಗ ಓಡುವುದು ಯಾವುದು ಎಂದು ಹೇಳಲಾಗುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ತನ್ನ ಬಳಕೆಗೆ ಇಟ್ಟುಕೊಂಡ ಟೂಲ್‌ಗಳನ್ನೂ ನಾವು ನಮ್ಮ ಕೆಲಸಕ್ಕೆ ಹಾಕಿಕೊಂಡ ಟೂಲ್‌ಗಳನ್ನೂ ಬೆರೆಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಇನ್‌ಸ್ಟಾಲ್ ಮಾಡುವ ಕ್ರಮದಷ್ಟೇ ಒತ್ತು ಎರಡನ್ನೂ ಬೇರೆಬೇರೆ ಇಡುವುದಕ್ಕೂ ಇದೆ.

ಇಲ್ಲಿ ಕಮಾಂಡ್‌ಗಳನ್ನು ಓದುವ ರೀತಿಯಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಎಂದು ಹೇಳದ ಕಡೆಯಲ್ಲೆಲ್ಲ ಸಣ್ಣಕ್ಷರ. ಗೆರೆ, ಚುಕ್ಕಿ, ಸ್ಲ್ಯಾಷ್, ಖಾಲಿ ಜಾಗ ಕಂಡಂತೆಯೇ ಬರಬೇಕು.

ಶುರು ಮಾಡುವ ಮುನ್ನ

ಅಡ್ಮಿನ್ ಹಕ್ಕಿರುವ ಅಕೌಂಟ್ ಬೇಕು, ಡಿಸ್ಕ್‌ನಲ್ಲಿ 15 ಜಿಬಿಯಾದರೂ ಖಾಲಿ ಇದ್ದರೆ ಒಳ್ಳೆಯದು. ಪ್ರೊಸೆಸರ್ ಯಾವ ಬಗೆಯದು ಎಂದೂ ತಿಳಿದಿರಬೇಕು. ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

ಯುನೇಮ್ -ಎಂ

ಉತ್ತರ ‘ಎಕ್ಸ್86_64’ ಎಂದಿದ್ದರೆ ಇಂಟೆಲ್ ಅಥವಾ ಎಎಂಡಿ. ‘ಆರ್ಮ್64’ ಅಥವಾ ‘ಎಆರ್ಚ್64’ ಎಂದಿದ್ದರೆ ಆರ್ಮ್ ಚಿಪ್. ಟೂಲ್ ಒಂದನ್ನು ವೆಬ್‌ಸೈಟ್‌ನಿಂದ ನೇರವಾಗಿ ಡೌನ್‌ಲೋಡ್ ಮಾಡುವಾಗ ಇದನ್ನು ನೋಡದೆ ಆರಿಸಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರಬಹುದು. ಫೈಲ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಅದನ್ನೇ ಇಳಿಸಿಕೊಳ್ಳುವವರು ಬಹಳ. ಫೈಲ್ ಚೆನ್ನಾಗಿಯೇ ಇರುತ್ತದೆ, ಚಿಪ್ ಮಾತ್ರ ಬೇರೆ.

ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಯಾವುದೆಂದೂ ನೋಡಿಕೊಳ್ಳಿ. ‘ಎಕೊ $ಶೆಲ್’ ಎಂದು ಕೊಟ್ಟರೆ ತಿಳಿಯುತ್ತದೆ (ಇಲ್ಲಿ ಶೆಲ್ ದೊಡ್ಡಕ್ಷರದಲ್ಲಿ). ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಬ್ಯಾಶ್ ಇರುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ ಝಡ್‌ಶೆಲ್ ಇದೆ. ಬ್ಯಾಶ್‌ನ ಸೆಟ್ಟಿಂಗ್ ಫೈಲ್ ‘.ಬ್ಯಾಶ್‌ಆರ್‌ಸಿ’, ಝಡ್‌ಶೆಲ್‌ನದು ‘.ಝಡ್‌ಎಸ್‌ಎಚ್‌ಆರ್‌ಸಿ’. ಒಂದಕ್ಕೆ ಹೇಳಿದ ಸಲಹೆಯನ್ನು ಇನ್ನೊಂದರಲ್ಲಿ ಬರೆದರೆ ಎರರ್ ಏನೂ ಬರುವುದಿಲ್ಲ, ಪರಿಣಾಮವೂ ಇರುವುದಿಲ್ಲ.

ಲಿನಕ್ಸ್

ಉಬುಂಟು, ಡೆಬಿಯನ್‌ಗಳಲ್ಲಿ ಅಡಿಪಾಯಕ್ಕೆ ಎರಡು ಸಾಲು ಸಾಕು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಗಿಟ್ ಕರ್ಲ್ ಅನ್‌ಜಿಪ್

ಆಪ್ಟ್ ಎಂಬುದು ಪ್ಯಾಕೇಜ್‌ಗಳನ್ನು ತರುವ ಟೂಲ್. ಸುಡೊ ಅದನ್ನು ಅಡ್ಮಿನ್ ಹಕ್ಕಿನಿಂದ ಓಡಿಸುತ್ತದೆ, ಅದಕ್ಕೇ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಸಾಮಾನ್ಯವಾಗಿ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಮೊದಲ ಸಾಲು ಯಾವುದನ್ನೂ ಅಪ್‌ಗ್ರೇಡ್ ಮಾಡುವುದಿಲ್ಲ, ಲಭ್ಯವಿರುವ ಪ್ಯಾಕೇಜ್‌ಗಳ ಪಟ್ಟಿಯನ್ನಷ್ಟೇ ಹೊಸದಾಗಿ ತರುತ್ತದೆ. ಅದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಎಂಬ ಎರರ್ ಬರಬಹುದು.

ಬಿಲ್ಡ್-ಎಸೆನ್ಷಿಯಲ್ ಎಂಬುದು ಒಂದು ಪ್ರೋಗ್ರಾಂ ಅಲ್ಲ. ಸಿ ಮತ್ತು ಸಿ++ ಕಂಪೈಲರ್‌ಗಳು, ಮೇಕ್, ಸಿ ಲೈಬ್ರರಿಯ ಹೆಡರ್ ಫೈಲ್‌ಗಳು ಇದರ ಜೊತೆ ಒಟ್ಟಿಗೆ ಬರುತ್ತವೆ. ‘ನಾನು ಸಿ ಬರೆಯುವುದಿಲ್ಲ, ನನಗೇಕೆ’ ಎಂದು ಬಿಡಬೇಡಿ. ಪೈಥಾನ್, ರೂಬಿ, ನೋಡ್‌ಗಳ ಎಷ್ಟೋ ಪ್ಯಾಕೇಜ್‌ಗಳ ಒಂದು ಭಾಗ ಸಿ ಭಾಷೆಯಲ್ಲಿರುತ್ತದೆ, ಅದು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಆಗಬೇಕಾಗಿ ಬರಬಹುದು. ಆಗ ಸಿಗುವ ಎರರ್‌ಗಳಲ್ಲಿ ಹೆಚ್ಚಿನವು ಒಂದೇ ಮಾದರಿಯವು: ಯಾವುದೋ ಒಂದು ‘.ಎಚ್’ ಫೈಲ್ ಸಿಗಲಿಲ್ಲ ಎಂಬ ದೂರು. ಅದರ ಅರ್ಥ, ಆ ಲೈಬ್ರರಿಯ ‘-ಡೆವ್’ ಪ್ಯಾಕೇಜ್ ಹಾಕಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಹೆಡರ್ ಸಿಗದಿದ್ದರೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಹಾಕಬೇಕು, ಪೈಥಾನ್‌ನ ಹೆಡರ್ ಸಿಗದಿದ್ದರೆ ‘ಪೈಥಾನ್3-ಡೆವ್’. ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್, ಪ್ಯಾಕೇಜ್ ಹೆಸರಿನ ಕೊನೆಗೆ ‘-ಡೆವೆಲ್’.

‘ಕುಡ್ ನಾಟ್ ಗೆಟ್ ಲಾಕ್’ ಎಂದು ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಹೊಸ ಉಬುಂಟು ಬೂಟ್ ಆದ ಸ್ವಲ್ಪ ಹೊತ್ತು ಇದು ಸಾಮಾನ್ಯ. ಕಾಯಿರಿ. ಲಾಕ್ ಫೈಲನ್ನು ಅಳಿಸಿ ಎಂಬ ಸಲಹೆ ಇಂಟರ್‌ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ, ಅದನ್ನು ಪಾಲಿಸಬೇಡಿ: ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿಗೆ ಪ್ಯಾಕೇಜ್ ಡೇಟಾಬೇಸಿಗೆ ಬರೆದು ಅದು ಹಾಳಾಗಬಹುದು. ಮಧ್ಯದಲ್ಲಿ ವಿದ್ಯುತ್ ಹೋಗಿ ಇನ್‌ಸ್ಟಾಲ್ ನಿಂತಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟರೆ ಉಳಿದ ಕೆಲಸ ಮುಂದುವರಿಯುತ್ತದೆ.

ವಿಂಡೋಸ್

ವಿಂಡೋಸ್‌ನಲ್ಲಿ ನೇರವಾಗಿಯೂ ಟೂಲ್‌ಗಳನ್ನು ಹಾಕಬಹುದು, ಅದಕ್ಕೆ ವಿನ್‌ಗೆಟ್ ಇದೆ. ಆದರೆ ನಿಮ್ಮ ಕೋಡ್ ಕೊನೆಗೆ ಲಿನಕ್ಸ್ ಸರ್ವರ್ ಮೇಲೆ ಓಡುವುದಾದರೆ ಡಬ್ಲ್ಯುಎಸ್‌ಎಲ್ ಬಳಸುವುದೇ ಸರಿ. ವಿಂಡೋಸ್ ಒಳಗೇ ಅಸಲಿ ಲಿನಕ್ಸ್ ಕರ್ನಲ್ ಓಡಿಸುವ ವ್ಯವಸ್ಥೆ ಅದು. ವಿಂಡೋಸ್ 11 ಅಥವಾ ವಿಂಡೋಸ್ 10ರ 2004 ಆವೃತ್ತಿ (ಬಿಲ್ಡ್ 19041) ಮತ್ತು ನಂತರದ್ದು ಬೇಕು. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೊಡಿ:

ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್

ರೀಸ್ಟಾರ್ಟ್ ಆದ ಮೇಲೆ ಉಬುಂಟು ತೆರೆದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಇದಕ್ಕೂ ವಿಂಡೋಸ್ ಪಾಸ್‌ವರ್ಡ್‌ಗೂ ಸಂಬಂಧವಿಲ್ಲ, ಸುಡೊ ಕೇಳಿದಾಗ ಕೊಡಬೇಕಾದದ್ದು ಇದೇ. ಇನ್‌ಸ್ಟಾಲ್ ಆಗುವ ಬದಲು ಸಹಾಯದ ಪಠ್ಯ ಮಾತ್ರ ಕಂಡರೆ ಡಬ್ಲ್ಯುಎಸ್‌ಎಲ್ ಮೊದಲೇ ಇದೆ ಎಂದರ್ಥ, ಹೆಸರು ಸೇರಿಸಿ ‘ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್ -ಡಿ ಉಬುಂಟು’ ಎಂದು ಕೊಡಿ. 0ಎಕ್ಸ್80370102 ಎಂಬ ಎರರ್ ಬಂದರೆ ವರ್ಚುವಲೈಸೇಷನ್ ಆಫ್ ಆಗಿರುತ್ತದೆ. ಬಯೋಸ್ ಸೆಟಪ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಹೋಗಿ ಆನ್ ಮಾಡಬೇಕು: ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಉಬುಂಟು ತೆರೆದ ಮೇಲೆ ಲಿನಕ್ಸ್ ಭಾಗದಲ್ಲಿ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯಿಸುತ್ತದೆ.

ಪ್ರಾಜೆಕ್ಟ್ ಫೈಲ್‌ಗಳನ್ನು ಲಿನಕ್ಸ್ ಹೋಮ್ ಫೋಲ್ಡರ್‌ನಲ್ಲೇ ಇಡಿ. ಸಿ ಡ್ರೈವ್ ‘/ಎಂಎನ್‌ಟಿ/ಸಿ’ ಎಂಬಲ್ಲಿ ಕಾಣುತ್ತದೆ, ಅಲ್ಲಿಂದಲೇ ಕೆಲಸ ಮಾಡಲೂ ಆಗುತ್ತದೆ. ಆದರೆ ಪ್ರತಿ ಫೈಲ್ ಓದುವಿಕೆಯೂ ಎರಡು ಆಪರೇಟಿಂಗ್ ಸಿಸ್ಟಮ್‌ಗಳ ಗಡಿ ದಾಟಬೇಕಾಗುವುದರಿಂದ, ಸಾವಿರಾರು ಸಣ್ಣ ಫೈಲ್‌ಗಳನ್ನು ಮುಟ್ಟುವ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವುದು), ಎನ್‌ಪಿಎಂ (ನೋಡ್‌ನ ಪ್ಯಾಕೇಜ್‌ಗಳನ್ನು ತರುವುದು) ಇಂಥ ಟೂಲ್‌ಗಳು ತೀರ ನಿಧಾನವಾಗುತ್ತವೆ. ಲಿನಕ್ಸ್ ಫೋಲ್ಡರನ್ನು ವಿಂಡೋಸ್ ಕಡೆಯಿಂದ ನೋಡಬೇಕೆನಿಸಿದರೆ ಆ ಫೋಲ್ಡರ್‌ನಲ್ಲಿ ನಿಂತು ‘ಎಕ್ಸ್‌ಪ್ಲೋರರ್.ಇಎಕ್ಸ್‌ಇ .’ ಎಂದು ಕೊಡಿ. ಕೊನೆಯ ಚುಕ್ಕಿಯನ್ನು ಮರೆಯಬೇಡಿ.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದೇ ಇಲ್ಲ. ಡಬ್ಲ್ಯುಎಸ್‌ಎಲ್ ವಿಂಡೋಸ್‌ನ ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಅನ್ನೂ ಲಿನಕ್ಸ್‌ನ ಪಾತ್‌ಗೆ ಬಾಲದಂತೆ ಸೇರಿಸುತ್ತದೆ. ಉಬುಂಟುವಿನಲ್ಲಿ ನೋಡ್ ಹಾಕಿಲ್ಲದಿದ್ದರೂ ಎನ್‌ಪಿಎಂ ಓಡಿತೆಂದರೆ, ಓಡಿದ್ದು ವಿಂಡೋಸ್‌ನ ಎನ್‌ಪಿಎಂ. ಅದು ಲಿನಕ್ಸ್ ದಾರಿಗಳನ್ನು ಅರ್ಥ ಮಾಡಿಕೊಳ್ಳದೆ ವಿಚಿತ್ರ ಎರರ್‌ಗಳನ್ನು ಕೊಡುತ್ತದೆ. ‘ವಿಚ್ ಎನ್‌ಪಿಎಂ’ ಎಂದು ಕೇಳಿ. ಉತ್ತರ ‘/ಎಂಎನ್‌ಟಿ/ಸಿ’ಯಿಂದ ಶುರುವಾದರೆ ಲಿನಕ್ಸ್ ಒಳಗೆ ನೋಡ್ ಹಾಕಿಕೊಳ್ಳಿ.

ಮ್ಯಾಕ್

ಮ್ಯಾಕ್‌ನಲ್ಲಿ ಮೊದಲು ಆ್ಯಪಲ್‌ನ ಟೂಲ್‌ಗಳು:

ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್

ಪೂರ್ತಿ ಎಕ್ಸ್‌ಕೋಡ್ ಇದರೊಂದಿಗೆ ಬರುವುದಿಲ್ಲ. ಕ್ಲ್ಯಾಂಗ್ ಕಂಪೈಲರ್, ಗಿಟ್, ಮೇಕ್‌ಗಳಂಥವು ಮಾತ್ರ ಬರುತ್ತವೆ. ಐಫೋನ್ ಆ್ಯಪ್ ಬರೆಯುವ ಉದ್ದೇಶವಿಲ್ಲದಿದ್ದರೆ ಇಷ್ಟೇ ಸಾಕು, ಡಿಸ್ಕ್ ಜಾಗವೂ ಬಹಳ ಉಳಿಯುತ್ತದೆ. ‘ಎಕ್ಸ್‌ಕೋಡ್-ಸೆಲೆಕ್ಟ್ -ಪಿ’ ಕೊಟ್ಟರೆ ಎಲ್ಲಿ ಕೂತಿವೆ ಎಂದು ತೋರಿಸುತ್ತದೆ. ಮ್ಯಾಕ್‌ಓಎಸ್‌ನ ದೊಡ್ಡ ಅಪ್‌ಗ್ರೇಡ್ ಆದ ಬೆನ್ನಿಗೆ ಗಿಟ್ ಓಡದೆ ‘ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್’ ಎಂದು ಬಂದರೆ ಗಾಬರಿ ಬೇಡ. ಮೇಲಿನ ಇನ್‌ಸ್ಟಾಲ್ ಸಾಲನ್ನೇ ಮತ್ತೊಮ್ಮೆ ಕೊಡಿ.

ಉಳಿದ ಟೂಲ್‌ಗಳಿಗೆ ಹೋಮ್‌ಬ್ರೂ. ಅದರ ಅಧಿಕೃತ ತಾಣದಲ್ಲಿರುವ ಇನ್‌ಸ್ಟಾಲ್ ಸಾಲನ್ನು ಓಡಿಸಿದ ಮೇಲೆ ಕೊನೆಯಲ್ಲಿ ‘ನೆಕ್ಸ್ಟ್ ಸ್ಟೆಪ್ಸ್’ ಎಂಬ ತಲೆಬರಹದಡಿ ಒಂದೆರಡು ಸಾಲು ತೋರಿಸುತ್ತದೆ. ಅವನ್ನೂ ಓಡಿಸಬೇಕು. ಓಡಿಸದೆ ಟರ್ಮಿನಲ್ ಮುಚ್ಚಿದರೆ ಮುಂದಿನ ಸಲ ‘ಕಮಾಂಡ್ ನಾಟ್ ಫೌಂಡ್: ಬ್ರೂ’. ಕಾರಣ ಸರಳ. ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ‘/ಆಪ್ಟ್/ಹೋಮ್‌ಬ್ರೂ’ದಲ್ಲಿ ಕೂರುತ್ತದೆ (ಈ ಫೋಲ್ಡರ್ ಹೆಸರಿನ ಅಕ್ಷರಗಳು ಓ-ಪಿ-ಟಿ), ಶೆಲ್ ತಾನಾಗಿ ಅಲ್ಲಿ ಹುಡುಕುವುದಿಲ್ಲ. ಇಂಟೆಲ್ ಮ್ಯಾಕ್‌ಗಳಲ್ಲಿ ಅದರ ಜಾಗ ‘/ಯುಎಸ್‌ಆರ್/ಲೋಕಲ್’. ಹಳೆಯ ಇಂಟೆಲ್ ಮ್ಯಾಕ್‌ನಿಂದ ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಿಕೊಂಡವರಲ್ಲಿ ಎರಡೂ ಕಡೆ ಹೋಮ್‌ಬ್ರೂ ಇರುವುದುಂಟು. ಆಗ ಹಳೆಯದನ್ನು ತೆಗೆದುಹಾಕುವುದೇ ಪರಿಹಾರ. ಬ್ರೂ ಜೊತೆ ಸುಡೊ ಎಂದೂ ಸೇರಿಸಬೇಡಿ.

ಪಾತ್: ಎಲ್ಲ ಗೊಂದಲದ ಕೇಂದ್ರ

ನೀವು ‘ಪೈಥಾನ್3’ ಎಂದು ಟೈಪ್ ಮಾಡಿದಾಗ ಶೆಲ್ ಡಿಸ್ಕ್ ಇಡೀ ಹುಡುಕುವುದಿಲ್ಲ. ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುತ್ತದೆ. ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ, ಮುಂದೆ ನೋಡುವುದೇ ಇಲ್ಲ. ಪಟ್ಟಿಯಲ್ಲಿ ಫೋಲ್ಡರ್‌ಗಳ ನಡುವೆ ಕೋಲನ್ ಚಿಹ್ನೆ ಇರುತ್ತದೆ. ‘ಎಕೊ $ಪಾತ್’ ಕೊಟ್ಟು ಒಮ್ಮೆ ನಿಧಾನವಾಗಿ ಓದಿ (ಪಾತ್ ದೊಡ್ಡಕ್ಷರ).

ಯಾವ ಪ್ರತಿ ಓಡುತ್ತಿದೆ ಎಂದು ತಿಳಿಯಲು ಅತ್ಯುತ್ತಮ ಕಮಾಂಡ್ ಇದು:

ಟೈಪ್ -ಎ ಪೈಥಾನ್3

ಇದು ಪಟ್ಟಿಯಲ್ಲಿ ಸಿಗುವ ಎಲ್ಲ ಪ್ರತಿಗಳನ್ನೂ ಕ್ರಮವಾಗಿ ತೋರಿಸುತ್ತದೆ, ಮೇಲಿನದೇ ಓಡುವುದು. ವಿಚ್ ಕಮಾಂಡ್‌ಗಿಂತ ಇದು ಮೇಲು, ಏಕೆಂದರೆ ಬ್ಯಾಶ್‌ನಲ್ಲಿ ವಿಚ್‌ಗೆ ಅಲಿಯಾಸ್‌ಗಳೂ (ಕಮಾಂಡ್‌ಗೆ ನಾವು ಇಟ್ಟ ಅಡ್ಡಹೆಸರುಗಳು) ಶೆಲ್ ಫಂಕ್ಷನ್‌ಗಳೂ ಸಾಮಾನ್ಯವಾಗಿ ಕಾಣುವುದಿಲ್ಲ, ಟೈಪ್‌ಗೆ ಕಾಣುತ್ತವೆ. ಹೊಸ ಆವೃತ್ತಿ ಹಾಕಿದ ಮೇಲೂ ಹಳೆಯದೇ ಓಡುತ್ತಿದ್ದರೆ ಶೆಲ್ ಹಳೆಯ ಜಾಗವನ್ನು ನೆನಪಿಟ್ಟುಕೊಂಡಿರಬಹುದು. ‘ಹ್ಯಾಶ್ -ಆರ್’ ಕೊಟ್ಟರೆ ಆ ನೆನಪು ಅಳಿಯುತ್ತದೆ.

ನಿಮ್ಮ ಸ್ವಂತ ಟೂಲ್‌ಗಳಿಗೆ ಹೋಮ್ ಫೋಲ್ಡರ್ ಒಳಗಿನ ‘.ಲೋಕಲ್/ಬಿನ್’ ಒಳ್ಳೆಯ ಜಾಗ. ಅಲ್ಲಿ ಸುಡೊ ಬೇಡ, ಸಿಸ್ಟಮ್ ಫೈಲ್‌ಗಳ ಜೊತೆ ಡಿಕ್ಕಿಯೂ ಇಲ್ಲ. ಫೋಲ್ಡರ್ ಮಾಡಿ, ಸೆಟ್ಟಿಂಗ್ ಫೈಲ್‌ನ ಕೊನೆಗೆ ಈ ಸಾಲು ಸೇರಿಸಿ:

ಎಕ್ಸ್‌ಪೋರ್ಟ್ ಪಾತ್="$ಹೋಮ್/.ಲೋಕಲ್/ಬಿನ್:$ಪಾತ್"

ಪಾತ್, ಹೋಮ್ ಎರಡೂ ದೊಡ್ಡಕ್ಷರ. ಸಮ ಚಿಹ್ನೆಯ ಆಚೆ ಈಚೆ ಖಾಲಿ ಜಾಗ ಇರಕೂಡದು. ಉದ್ಧರಣ ಚಿಹ್ನೆ ಜೋಡಿಯದೇ ಆಗಬೇಕು, ಒಂಟಿ ಚಿಹ್ನೆ ಹಾಕಿದರೆ ಡಾಲರ್ ಹೆಸರುಗಳು ಬಿಡಿಸಿಕೊಳ್ಳದೆ ಹಾಗೇ ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯ, ಕೊನೆಯ ‘:$ಪಾತ್’. ಅದನ್ನು ಬಿಟ್ಟರೆ ಹಳೆಯ ಪಟ್ಟಿ ಪೂರ್ತಿ ಮಾಯವಾಗಿ ಎಲ್‌ಎಸ್ ಕೂಡ ‘ನಾಟ್ ಫೌಂಡ್’ ಎನ್ನುತ್ತದೆ. ಹಾಗಾದರೆ ಅದೇ ಟರ್ಮಿನಲ್‌ನಲ್ಲಿ ‘ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಬಿನ್:/ಬಿನ್’ ಎಂದು ಕೊಡಿ. ತಾತ್ಕಾಲಿಕವಾಗಿ ಎಲ್ಲ ಮರಳುತ್ತದೆ, ಅಷ್ಟರಲ್ಲಿ ಫೈಲ್ ತಿದ್ದಿಕೊಳ್ಳಿ. ಸೆಟ್ಟಿಂಗ್ ಫೈಲ್ ಬದಲಿಸುವಾಗ ತೆರೆದಿದ್ದ ಟರ್ಮಿನಲ್ ಮುಚ್ಚದೆ, ಇನ್ನೊಂದು ಹೊಸದನ್ನು ತೆರೆದು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಉಬುಂಟುವಿನಲ್ಲಿ ಒಂದು ವಿಶೇಷವಿದೆ. ಅದರ ‘.ಪ್ರೊಫೈಲ್’ ಫೈಲ್ ಈ ಫೋಲ್ಡರನ್ನು ತಾನಾಗಿಯೇ ಪಾತ್‌ಗೆ ಸೇರಿಸುತ್ತದೆ, ಆದರೆ ಲಾಗಿನ್ ಆಗುವ ಹೊತ್ತಿಗೆ ಫೋಲ್ಡರ್ ಇದ್ದರೆ ಮಾತ್ರ. ಈಗಷ್ಟೇ ಫೋಲ್ಡರ್ ಮಾಡಿ, ಟೂಲ್ ಹಾಕಿ, ಸಿಗಲಿಲ್ಲವೆಂದರೆ ಲಾಗೌಟ್ ಆಗಿ ಮತ್ತೆ ಬನ್ನಿ.

‘.ಬ್ಯಾಶ್‌ಆರ್‌ಸಿ’ಯಲ್ಲಿ ಬರೆದದ್ದು ನೀವು ಟೈಪ್ ಮಾಡುವ ಶೆಲ್‌ಗೆ ಮಾತ್ರ. ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಸ್ಕ್ರಿಪ್ಟ್‌ಗಳಿಗೆ ಅದು ತಲುಪುವುದಿಲ್ಲ. ಕೈಯಿಂದ ಓಡಿಸಿದಾಗ ಸರಿಯಾಗಿದ್ದ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಲ್ಲಿ ಸೋಲುವುದಕ್ಕೆ ಬಹುಪಾಲು ಇದೇ ಕಾರಣ. ಅಂಥ ಸ್ಕ್ರಿಪ್ಟ್‌ಗಳಲ್ಲಿ ಟೂಲ್‌ನ ಪೂರ್ತಿ ದಾರಿಯನ್ನೇ ಬರೆಯಿರಿ.

ಗಿಟ್ ಮತ್ತು ಎಸ್‌ಎಸ್‌ಎಚ್ ಕೀ

ಗಿಟ್‌ಗೆ ಮೊದಲು ಹೆಸರು, ಈಮೇಲ್ ಹೇಳಬೇಕು, ಇಲ್ಲದಿದ್ದರೆ ಮೊದಲ ಕಮಿಟ್‌ನಲ್ಲೇ (ಬದಲಾವಣೆ ದಾಖಲಿಸುವಾಗ) ತಡೆಯಬಹುದು:

ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್ "ನಿಮ್ಮ ಹೆಸರು"
ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ಈಮೇಲ್ "ನಿಮ್ಮ ಈಮೇಲ್"
ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಮೂರನೆಯದು ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಬೇಕೇ ಬೇಕು. ಅದಿಲ್ಲದಿದ್ದರೆ ಗಿಟ್ ಸ್ಟೇಟಸ್‌ನಲ್ಲಿ ಕನ್ನಡ ಹೆಸರಿನ ಬದಲು ಬ್ಯಾಕ್‌ಸ್ಲ್ಯಾಷ್ ಮತ್ತು ಅಂಕಿಗಳ ಉದ್ದ ಸಾಲು ಕಾಣುತ್ತದೆ.

ಗಿಟ್ ರೆಪೊಸಿಟರಿಗಳನ್ನು (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಇಡುವ ತಾಣವಾದ ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಗಳಿಗೆ ಅಕೌಂಟ್ ಪಾಸ್‌ವರ್ಡ್ ಒಪ್ಪುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಬದಲು ನಿಮ್ಮ ಗುರುತು ತೋರಿಸುವ ಎಸ್‌ಎಸ್‌ಎಚ್ ಕೀ ಮಾಡಿಕೊಳ್ಳಿ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519

ಜಾಗ ಕೇಳಿದಾಗ ಎಂಟರ್ ಒತ್ತಿ, ಪಾಸ್‌ಫ್ರೇಸ್ ಕೇಳಿದಾಗ ಖಾಲಿ ಬಿಡಬೇಡಿ. ಎರಡು ಫೈಲ್ ಹುಟ್ಟುತ್ತವೆ. ‘.ಪಬ್’ ಎಂದು ಮುಗಿಯುವುದರ ಪಠ್ಯವನ್ನು ಗಿಟ್‌ಹಬ್ ಸೆಟ್ಟಿಂಗ್ಸ್‌ಗೆ ಅಂಟಿಸಿ. ಇನ್ನೊಂದನ್ನು ಯಾರಿಗೂ ಕೊಡಬೇಡಿ, ಈಮೇಲ್ ಮಾಡಬೇಡಿ, ರೆಪೊಸಿಟರಿಗೆ ಸೇರಿಸಬೇಡಿ. ಬೇರೆ ಕಂಪ್ಯೂಟರಿನಿಂದ ಕೀ ನಕಲು ಮಾಡಿ ತಂದಾಗ ಅನುಮತಿಗಳು ಬದಲಾಗಿ, ‘ಪರ್ಮಿಷನ್ಸ್ ಆರ್ ಟೂ ಓಪನ್’ ಎಂದು ಎಸ್‌ಎಸ್‌ಎಚ್ ನಿರಾಕರಿಸಬಹುದು. ‘.ಎಸ್‌ಎಸ್‌ಎಚ್’ ಫೋಲ್ಡರ್‌ಗೆ ಚ್‌ಮಾಡ್ 700, ಗುಟ್ಟಿನ ಕೀ ಫೈಲಿಗೆ ಚ್‌ಮಾಡ್ 600 ಕೊಟ್ಟರೆ ಸರಿಹೋಗುತ್ತದೆ.

ಪೈಥಾನ್ ಮತ್ತು ನೋಡ್

ಸಿಸ್ಟಮ್‌ನ ಪೈಥಾನ್ ನಿಮ್ಮದಲ್ಲ. ಉಬುಂಟುವಿನ ಹಲವು ಒಳಗಿನ ಟೂಲ್‌ಗಳು ಅದೇ ಪೈಥಾನ್ ಮೇಲೆ ನಿಂತಿವೆ. ಅದರ ಲೈಬ್ರರಿಯನ್ನು ಪಿಪ್‌ನಿಂದ (ಪೈಥಾನ್ ಪ್ಯಾಕೇಜ್‌ಗಳನ್ನು ತರುವ ಟೂಲ್) ಬದಲಿಸಿದರೆ, ಅಥವಾ ‘/ಯುಎಸ್‌ಆರ್/ಬಿನ್/ಪೈಥಾನ್3’ ಅನ್ನು ಬೇರೆ ಆವೃತ್ತಿಗೆ ತಿರುಗಿಸಿದರೆ, ಟರ್ಮಿನಲ್ ಆ್ಯಪ್ ಕೂಡ ತೆರೆಯದೆ ಹೋಗಬಹುದು. ಇದನ್ನು ತಡೆಯಲೆಂದೇ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಹೇಳಿ ನಿಲ್ಲಿಸುತ್ತದೆ. ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಸೇರಿಸಿದರೆ ಆ ತಡೆ ದಾಟಬಹುದು, ದಾಟಬೇಡಿ. ಪ್ರತಿ ಪ್ರಾಜೆಕ್ಟ್‌ಗೂ ಬೇರೆ ಪರಿಸರ (ಅದರದೇ ಪೈಥಾನ್ ಲೈಬ್ರರಿಗಳಿರುವ ಫೋಲ್ಡರ್) ಮಾಡಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್
ಪೈಥಾನ್3 -ಎಂ ವೆನ್ವ್ .ವೆನ್ವ್
ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್

ಮೊದಲ ಸಾಲು ಡೆಬಿಯನ್, ಉಬುಂಟುಗಳಿಗೆ ಮಾತ್ರ, ಅದೂ ಒಂದೇ ಸಲ. ಉಳಿದ ಎರಡನ್ನು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ಕೊಡಬೇಕು. ಆಮೇಲೆ ಬರೀ ಪಿಪ್ ಎನ್ನುವ ಬದಲು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎನ್ನಿ, ಯಾವ ಪೈಥಾನ್‌ಗೆ ಸೇರುತ್ತದೆ ಎಂಬ ಅನುಮಾನವೇ ಉಳಿಯುವುದಿಲ್ಲ. ಈ ಪರಿಸರದ ಒಳಗೆ ಪೂರ್ತಿ ದಾರಿಗಳು ಬರೆದಿರುವುದರಿಂದ ಫೋಲ್ಡರನ್ನು ಬೇರೆಡೆ ಸರಿಸಿದರೆ ಅದು ಮುರಿಯುತ್ತದೆ. ಸರಿಪಡಿಸಲು ಹೋಗದೆ ಅಳಿಸಿ ಹೊಸದಾಗಿ ಮಾಡಿ. ಗಿಟ್‌ಗೆ ಸೇರದಂತೆ ‘.ಗಿಟ್‌ಇಗ್ನೋರ್’ನಲ್ಲಿ ಅದರ ಹೆಸರು ಬರೆಯಿರಿ.

ನೋಡ್‌ಗೆ ಎನ್‌ವಿಎಂ (ನೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಟೂಲ್) ಬಳಸಿ. ಅದನ್ನು ಹಾಕಿ, ಹೊಸ ಟರ್ಮಿನಲ್ ತೆರೆದು ‘ಎನ್‌ವಿಎಂ ಇನ್‌ಸ್ಟಾಲ್ --ಎಲ್‌ಟಿಎಸ್’ ಕೊಟ್ಟರೆ ದೀರ್ಘಕಾಲ ಬೆಂಬಲವಿರುವ ಆವೃತ್ತಿ ಹೋಮ್ ಫೋಲ್ಡರ್ ಒಳಗೆ ಬರುತ್ತದೆ. ‘ಎನ್‌ಪಿಎಂ ಇನ್‌ಸ್ಟಾಲ್ -ಜಿ’ ಮಾಡುವಾಗ ಬರುವ ‘ಇಆ್ಯಕ್ಸೆಸ್’ ಎರರ್ ಇದರಿಂದ ತಾನಾಗಿ ತಪ್ಪುತ್ತದೆ. ಆ ಎರರ್‌ಗೆ ಸುಡೊ ಸೇರಿಸುವುದು ಮದ್ದಲ್ಲ. ರೂಟ್ (ಸಿಸ್ಟಮ್‌ನ ಅಡ್ಮಿನ್) ಹೆಸರಿನಲ್ಲಿ ಹುಟ್ಟಿದ ಫೈಲ್‌ಗಳು ಹೋಮ್ ಫೋಲ್ಡರ್‌ನಲ್ಲಿ ಉಳಿದು ಮುಂದೆ ಪ್ರತಿ ಸಲವೂ ಅಡ್ಡ ಬರುತ್ತವೆ. ಎನ್‌ವಿಎಂ ಒಂದು ಶೆಲ್ ಫಂಕ್ಷನ್ ಆಗಿರುವುದರಿಂದ ‘ವಿಚ್ ಎನ್‌ವಿಎಂ’ಗೆ ಬ್ಯಾಶ್‌ನಲ್ಲಿ ಉತ್ತರ ಬರದಿದ್ದರೆ ಆಶ್ಚರ್ಯವಿಲ್ಲ. ‘ಕಮಾಂಡ್ -ವಿ ಎನ್‌ವಿಎಂ’ ಎಂದು ಕೇಳಿ.

ದಿನಬಳಕೆಯ ಸಣ್ಣ ಟೂಲ್‌ಗಳು

ರಿಪ್‌ಗ್ರೆಪ್ (ಫೈಲ್‌ಗಳ ಒಳಗೆ ಹುಡುಕಲು), ಎಫ್‌ಡಿ (ಫೈಲ್ ಹೆಸರು ಹುಡುಕಲು), ಜೆಕ್ಯೂ (ಜೇಸನ್ ಓದಲು), ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ಉಳಿಯಲು), ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಂಗಳನ್ನು ನೋಡಲು). ಇವೆಲ್ಲ ಆಪ್ಟ್‌ನಲ್ಲೂ ಹೋಮ್‌ಬ್ರೂನಲ್ಲೂ ಇವೆ. ಡೆಬಿಯನ್, ಉಬುಂಟುಗಳಲ್ಲಿ ಎಫ್‌ಡಿಯ ಪ್ಯಾಕೇಜ್ ಹೆಸರು ‘ಎಫ್‌ಡಿ-ಫೈಂಡ್’, ಓಡಿಸುವ ಕಮಾಂಡ್ ‘ಎಫ್‌ಡಿಫೈಂಡ್’. ಫೈಲ್‌ಗಳನ್ನು ಬಣ್ಣದಲ್ಲಿ ತೋರಿಸುವ ಬ್ಯಾಟ್ ಕೂಡ ಅಲ್ಲಿ ‘ಬ್ಯಾಟ್‌ಕ್ಯಾಟ್’. ಆ ಹೆಸರುಗಳನ್ನು ಬೇರೆ ಪ್ಯಾಕೇಜ್‌ಗಳು ಮೊದಲೇ ಬಳಸಿಕೊಂಡಿದ್ದರಿಂದ ಹೀಗಾಗಿದೆ. ಇನ್‌ಸ್ಟಾಲ್ ಆಗಿಲ್ಲವೆಂದು ಮತ್ತೆ ಹಾಕಬೇಡಿ, ಒಂದು ಅಲಿಯಾಸ್ ಸಾಕು.

ಕೆಲವು ಟೂಲ್‌ಗಳ ತಾಣದಲ್ಲಿ ಕರ್ಲ್‌ನಿಂದ ತಂದ ಸ್ಕ್ರಿಪ್ಟನ್ನು ನೇರ ಬ್ಯಾಶ್‌ಗೆ ಕೊಡುವ ಒಂದೇ ಸಾಲು ಇರುತ್ತದೆ. ಅದನ್ನು ಎರಡಾಗಿ ಒಡೆಯಿರಿ: ಮೊದಲು ಫೈಲಾಗಿ ಉಳಿಸಿ, ಲೆಸ್‌ನಲ್ಲಿ ತೆರೆದು ಓದಿ, ಆಮೇಲೆ ಓಡಿಸಿ. ಓದುವಾಗ ಎರಡು ಕಡೆ ಕಣ್ಣಿಡಿ, ಸುಡೊ ಎಲ್ಲಿ ಬರುತ್ತದೆ, ಯಾವ ಸೆಟ್ಟಿಂಗ್ ಫೈಲ್‌ಗೆ ಏನು ಸೇರಿಸುತ್ತದೆ. ತಾಣದಲ್ಲಿ ಎಸ್‌ಎಚ್‌ಎ256 ಮೊತ್ತ (ಫೈಲ್ ಬದಲಾಗಿಲ್ಲ ಎಂದು ಪರೀಕ್ಷಿಸುವ ಗುರುತು) ಕೊಟ್ಟಿದ್ದರೆ ‘ಎಸ್‌ಎಚ್‌ಎ256ಸಮ್’ ಕಮಾಂಡ್‌ನಿಂದ ಹೋಲಿಸಿ ನೋಡಿ. ಮ್ಯಾಕ್‌ನಲ್ಲಿ ‘ಶಾಸಮ್ -ಎ 256’ ಎಂದು ಕೊಡಬಹುದು.

ಓಡದಿದ್ದಾಗ

ಕಮಾಂಡ್ ಸೋತ ತಕ್ಷಣ ‘ಎಕೊ $?’ ಕೊಡಿ. 127 ಬಂದರೆ ಪ್ರೋಗ್ರಾಂ ಪಾತ್‌ನಲ್ಲಿ ಸಿಗಲಿಲ್ಲ. 126 ಬಂದರೆ ಸಿಕ್ಕಿದೆ, ಆದರೆ ಓಡಿಸಲು ಆಗಲಿಲ್ಲ. ಬಹುತೇಕ ಓಡಿಸುವ ಅನುಮತಿ ಕೊಡುವ ‘ಚ್‌ಮಾಡ್ +ಎಕ್ಸ್’ ಬಾಕಿ ಇರುತ್ತದೆ. ಇವೆರಡೂ ಅಲ್ಲದ ಸಂಖ್ಯೆ ಸಾಮಾನ್ಯವಾಗಿ ಪ್ರೋಗ್ರಾಂ ಓಡಿ ತಾನೇ ಸೋತದ್ದನ್ನು ಹೇಳುತ್ತದೆ, ಆಗ ಪಾತ್ ಕೆದಕುತ್ತ ಕೂರುವುದು ವ್ಯರ್ಥ.

‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬುದರ ಜೊತೆ ಸಾಲಿನ ಕೊನೆಗೆ ‘^ಎಂ’ ಕಂಡರೆ ಆ ಸ್ಕ್ರಿಪ್ಟನ್ನು ವಿಂಡೋಸ್ ಎಡಿಟರ್‌ನಲ್ಲಿ ಉಳಿಸಲಾಗಿದೆ. ವಿಂಡೋಸ್ ಸಾಲಿನ ಕೊನೆಗೆ ಎರಡು ಗುಪ್ತ ಅಕ್ಷರ ಇಡುತ್ತದೆ, ಲಿನಕ್ಸ್ ಒಂದೇ. ‘ಡಾಸ್2ಯುನಿಕ್ಸ್’ ಓಡಿಸಿ, ಮತ್ತೆ ಆಗದಂತೆ ಎಡಿಟರ್‌ನಲ್ಲಿ ಸಾಲಿನ ಅಂತ್ಯವನ್ನು ‘ಎಲ್‌ಎಫ್’ಗೆ ಬದಲಿಸಿ.

ಎಲ್ಲ ಸರಿಯಾದ ಮೇಲೆ ಸೆಟ್ಟಿಂಗ್ ಫೈಲ್‌ಗಳನ್ನೂ ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಪಟ್ಟಿಯನ್ನೂ ಒಂದು ಖಾಸಗಿ ಗಿಟ್ ರೆಪೊಸಿಟರಿಗೆ ಹಾಕಿ. ಪಟ್ಟಿಗೆ ಉಬುಂಟುವಿನಲ್ಲಿ ‘ಆಪ್ಟ್-ಮಾರ್ಕ್ ಶೋಮ್ಯಾನ್ಯುವಲ್’, ಮ್ಯಾಕ್‌ನಲ್ಲಿ ‘ಬ್ರೂ ಬಂಡಲ್ ಡಂಪ್’. ಕಮಿಟ್ ಮಾಡುವ ಮುನ್ನ ಆ ಫೈಲ್‌ಗಳಲ್ಲಿ ಟೋಕನ್, ಪಾಸ್‌ವರ್ಡ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.